ಮಡಚದ ಬೆರಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಮೈಕು ಎಂದೇ ಕರೆಯುತ್ತಿದ್ದರು. ಆಳೆತ್ತರದ ಒಗೆಯುವ ಯಂತ್ರಗಳು ಒಟ್ಟಿಗೆ ತಿರುಗುವಾಗಲೂ ಅವಳ ಮಾತು ಹೊರಬಾಗಿಲಿನವರೆಗೆ ಕೇಳಿಸುತ್ತಿತ್ತು. ಮೇಲ್ವಿಚಾರಕನೊಡನೆ ಜಗಳಕ್ಕೆ ಹೋಗುವಾಗ ಉಳಿದ ಹೆಂಗಸರು ಅವಳನ್ನೇ ಮುಂದೆ ಬಿಡುತ್ತಿದ್ದರು. ಕೈ ಮಾತ್ರ ಬಾಯಿಯಷ್ಟು ಚುರುಕಲ್ಲ. ಇಸ್ತ್ರಿಯ ರೋಲರಿಗೆ ಸಿಕ್ಕಿ ಬಲಗೈಯ ತೋರುಬೆರಳು ಸೆಟೆದುಹೋಗಿತ್ತು; ಏನು ಮಾಡಿದರೂ ಮಡಚುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ದುಪ್ಪಟಿ ಮಡಚುತ್ತಿದ್ದವಳು ಅವಳ ನಾದಿನಿ. ಹುಟ್ಟಿನಿಂದಲೇ ಕಿವಿ ಕೇಳದು. ಕಿವುಡರ ಶಾಲೆಯಲ್ಲಿ ಓದಿ ಕೈಭಾಷೆಯನ್ನು ಅರೆದು ಕುಡಿದಿದ್ದಳು. ಮದುವೆಯಾಗಿ ಬಂದ ಮೈಕು ಅವಳಿಂದ ಕಲಿತದ್ದು ಅಡುಗೆಮನೆಗೂ ಜಗಳಕ್ಕೂ ಸಾಲುವಷ್ಟು: ಊಟ, ಬಿಸಿ, ಕೊಳೆ, ಬಾ, ಹೋಗು, ನಿನ್ನ ಅಣ್ಣನಿಗೆ ಬುದ್ಧಿಯಿಲ್ಲ.

ಒಂದು ಭಾನುವಾರ ನಾದಿನಿ ಚರ್ಚಿಗೆ ಬರುವುದಿಲ್ಲವೆಂದು ಕೂತುಬಿಟ್ಟಳು. "ಎಲ್ಲರ ತುಟಿ ನೋಡ್ಕೊಂಡು ಸಾಕಾಗಿದೆ. ದೇವರಿಗೆ ನನ್ನ ಹತ್ರ ಮಾತಾಡೋಕೆ ಇಷ್ಟ ಇಲ್ಲ," ಎಂದು ಕೈಯಲ್ಲಿ ಹೇಳಿದಳು.

ಮೈಕು ಪಾಸ್ಟರ್ ಹತ್ತಿರ ಹೋಗಿ ರೇಗಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಮುಂದಿನ ವಾರದಿಂದ ನನ್ನ ಪ್ರಸಂಗವನ್ನ ನೀನೇ ಕೈಯಲ್ಲಿ ಹೇಳು," ಎಂದರು.

"ನನಗೆ ಗೊತ್ತಿರೋದು ಪಾತ್ರೆ, ಬಟ್ಟೆ ಅಷ್ಟೇ. ಬೆರಳು ಬೇರೆ ಹೀಗಿದೆ."

"ದೇವರು ಕೆಲಸ ಕೊಟ್ರೆ ಶಕ್ತಿನೂ ಕೊಡ್ತಾನೆ."

"ಮೊದಲು ಶಕ್ತಿ ಕೊಡ್ಲಿ. ಕೆಲಸದ ಮಾತು ಆಮೇಲೆ."

ಹೇಳಿ ಬಂದಳೇನೋ ನಿಜ, ಆದರೆ ಪಾಸ್ಟರ್ ಮಾತು ಬೆನ್ನು ಬಿಡಲಿಲ್ಲ. ಹಬೆಯಾಡುವ ರೋಲರಿನ ಮುಂದೆ ನಿಂತು ವಾರವಿಡೀ ದೇವರ ಜೊತೆ ಜಗಳವಾಡಿದಳು. ಇಷ್ಟು ಜನರಲ್ಲಿ ನಾನೇ ಸಿಕ್ಕಿದೆನೇ? ಬಾಯಿ ಕೇಳಿದ್ದರೆ ಕೊಡುತ್ತಿದ್ದೆ. ಹೋಗಿ ಹೋಗಿ ಈ ಕೈಯನ್ನು ಕೇಳಬೇಕೇ? ಪಕ್ಕದಲ್ಲಿ ನಾದಿನಿ ತಲೆ ತಗ್ಗಿಸಿ ದುಪ್ಪಟಿ ಮಡಚುತ್ತಲೇ ಇದ್ದಳು. ಕೊನೆಗೆ ಮೈಕು ಗಟ್ಟಿಯಾಗಿಯೇ ಅಂದಳು, "ಸರಿ, ನಿಲ್ತೀನಿ. ಮರ್ಯಾದೆ ಹೋದ್ರೆ ನಿಂದೂ ಹೋಗುತ್ತೆ, ನೆನಪಿರ್ಲಿ." ತನಗೇ ಹೇಳಿದಳೆಂದುಕೊಂಡ ಮೇಲ್ವಿಚಾರಕ ಮೆಲ್ಲಗೆ ಆಚೆ ಸರಿದ.

ಭಾನುವಾರ ನಾದಿನಿ ತಾನೂ ಚರ್ಚಿಗೆ ಬಂದಳು, ತನ್ನ ಶಾಲೆಯ ಗೆಳೆಯನನ್ನೂ ಅವನ ಹೆಂಡತಿಯನ್ನೂ ಕರೆತಂದಳು. ಇಬ್ಬರೂ ಕಿವುಡರೇ, ಅವನದು ಚಪ್ಪಲಿ ಹೊಲಿಯುವ ಕೆಲಸ. ಅತ್ತಿಗೆಯ ಫಜೀತಿ ನೋಡುವ ಆಸೆ ನಾದಿನಿಗೆ ಇಲ್ಲದಿರಲಿಲ್ಲ.

ಪಾಸ್ಟರ್ ಶುರು ಮಾಡಿದ್ದೇ ಪಾಪದಿಂದ. ಆ ಪದ ಗೊತ್ತಿಲ್ಲದೆ ಮೈಕು 'ಕೊಳೆ' ಎಂದಳು. ಮುಂದೆ 'ಕೃಪೆ' ಬಂತು. ಅವಳ ಕೈ ಗಾಳಿಯಲ್ಲೇ ನಿಂತಿತು. ಪಾಸ್ಟರ್ ಎಲ್ಲೋ ಮುಂದೆ ಹೋಗಿಬಿಟ್ಟಿದ್ದರು. ಗಾಬರಿಯಲ್ಲಿ 'ಒಗೆದಾಯಿತು, ತಗೋ, ದುಡ್ಡು ಬೇಡ' ಎಂದು ಕೈಯಾಡಿಸಿದಳು. ಮೊದಲ ಬೆಂಚಿನಲ್ಲಿದ್ದ ಸಭೆಯ ಹಿರಿಯರೊಬ್ಬರು ಲೊಚಗುಟ್ಟಿದರು. ನಾದಿನಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಚಪ್ಪಲಿ ಹೊಲಿಯುವವನು ಮಾತ್ರ ಎದ್ದು ನಿಂತು ಕೈಯಲ್ಲಿ ಕೇಳಿದ: "ಒಗೆದವರು ಯಾರು?"

ಮೈಕು ಪಾಸ್ಟರನ್ನು ತಡೆದಳು. "ಸ್ವಲ್ಪ ನಿಲ್ಲಿ. ಇವರೇನೋ ಕೇಳ್ತಿದ್ದಾರೆ."

"ಆರಾಧನೆ ಮಧ್ಯೆ ಪ್ರಶ್ನೆ ಕೇಳೋ ಪದ್ಧತಿ ಇಲ್ಲಿಲ್ಲ," ಎಂದರು ಹಿರಿಯರು.

"ನಿದ್ದೆ ಮಾಡೋ ಪದ್ಧತಿ ಇದೆ. ಇಷ್ಟು ವರ್ಷದಲ್ಲಿ ನಿಮ್ಮನ್ನ ಯಾರಾದ್ರೂ ಎಬ್ಬಿಸಿದ್ರಾ?"

ಯೇಸುವನ್ನು ಕೈಯಲ್ಲಿ ಹೇಗೆ ಹೇಳುವುದೆಂದು ಅವಳು ನಾದಿನಿಯ ಮುಖ ನೋಡಿದಳು. ನಾದಿನಿ ನಗು ನಿಲ್ಲಿಸಿದಳು. ನಡುಬೆರಳಿನಿಂದ ಇನ್ನೊಂದು ಕೈಯ ಅಂಗೈ ಮುಟ್ಟಿದಳು, ಕೈ ಬದಲಿಸಿ ಮತ್ತೆ ಮುಟ್ಟಿದಳು. ಎರಡೂ ಕೈಯಲ್ಲಿ ಶಿಲುಬೆಯ ಮೊಳೆಯ ಗುರುತು. ಮೈಕು ತನ್ನ ಸೊಟ್ಟ ಕೈಯಲ್ಲಿ ಹಾಗೆಯೇ ಮಾಡಿದಳು. ಚಪ್ಪಲಿ ಹೊಲಿಯುವವನು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ ಕೂತ. ಮೈಕು ಅದೇ ಗುರುತನ್ನು ಇನ್ನೊಮ್ಮೆ ಮಾಡಿದಳು. ಆಗ ಬಾಯಿಗೆ ಕೆಲಸವೇ ಇರಲಿಲ್ಲ.

ಆ ವಾರವೇ ಹಿರಿಯರು ಕಮಿಟಿ ಕರೆದರು. ಸರಿಯಾಗಿ ಕಲಿತವರು ಸಿಗುವವರೆಗೆ ಇದನ್ನು ನಿಲ್ಲಿಸಬೇಕು, ಇಲ್ಲವೇ ಹಿಂದೆ ಕಂಬದ ಮರೆಯಲ್ಲಿ ಮಾಡಿಕೊಳ್ಳಲಿ ಎಂದರು.

"ಕಲಿತವರು ಬಂದ ದಿನ ನಾನೇ ಜಾಗ ಬಿಡ್ತೀನಿ," ಎಂದಳು ಮೈಕು. "ಅಲ್ಲಿವರೆಗೆ ಇವರು ಹೊರಗೆ ಕಾಯ್ಬೇಕಾ? ಕಂಬದ ಹಿಂದೆ ಕತ್ತಲೆ, ಕೈ ಕಾಣಲ್ಲ. ನಾನು ಕಿಟಕಿ ಹತ್ರಾನೇ ನಿಲ್ಲೋದು. ನನಗೆ ಬರಲ್ಲ ಅಂತ ಕರೆದವನಿಗೆ ಗೊತ್ತಿತ್ತು. ಗೊತ್ತಿದ್ದೇ ಕರೆದ. ನೀವು ಹೊಸದಾಗಿ ಹೇಳೋದೇನಿದೆ?"

ಪಾಸ್ಟರ್ ಅವಳ ಕಡೆ ನಿಂತರು. ಹಿರಿಯರು ಬಹಳ ಕಾಲ ಮುಖ ತಿರುಗಿಸಿಕೊಂಡೇ ಕೂರುತ್ತಿದ್ದರು.

ಬೆರಳು ಇವತ್ತಿಗೂ ಮಡಚುವುದಿಲ್ಲ; ಅದಕ್ಕಾಗಿ ಪ್ರಾರ್ಥಿಸುವುದನ್ನೂ ಅವಳು ಬಿಟ್ಟಿದ್ದಾಳೆ. ಶಕ್ತಿ ಮೂಟೆಗಟ್ಟಲೆ ಬರಲಿಲ್ಲ. ಬಂದದ್ದು ಆ ಭಾನುವಾರಕ್ಕೆ ಸಾಲುವಷ್ಟು, ಅದೂ ಎದ್ದು ನಿಂತ ಮೇಲೆ. ಉಳಿದ ದಿನಗಳಲ್ಲಿ ದುಪ್ಪಟಿಯ ಒಂದು ತುದಿ ಅವಳು, ಇನ್ನೊಂದು ತುದಿ ನಾದಿನಿ ಹಿಡಿದು, ಮಡಿಕೆಗೊಂದು ಪದ ಕಲಿಯುತ್ತಾರೆ. ಕಿಟಕಿಯ ಪಕ್ಕದ ಎರಡು ಬೆಂಚು ಈಗ ಕಿವುಡರಿಂದಲೇ ತುಂಬುತ್ತವೆ.

ಕಳೆದ ವಾರ ಮನೆಗೆ ನಡೆಯುತ್ತ ನಾದಿನಿ, "ಇವತ್ತು ನೀನು ದೇವದೂತನನ್ನ ಕೋಳಿ ಮಾಡಿಬಿಟ್ಟೆ," ಎಂದು ಕೈಯಲ್ಲಿ ಹೇಳಿದಳು.

"ರೆಕ್ಕೆ ಇತ್ತಲ್ಲ, ಬಿಡು," ಎಂದು ಮೈಕೂ ಕೈಯಾಡಿಸಿದಳು. "ಮುಂದಿನ ವಾರ ಬೇರೆ ತಪ್ಪು ಮಾಡ್ತೀನಿ."