ಲೈಬ್ರರಿಯಲ್ಲಿ ಅಕ್ಕನ ನಿದ್ದೆ

ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಬಸ್ಸಿನಲ್ಲಿ ಮೂರು ಗಂಟೆ. ಅಕ್ಕ ನಮ್ಮ ಮನೆಯಲ್ಲಿ ಬಾಣಂತನ ಮುಗಿಸಿ, ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹೋದ ಮೇಲೆ ಆ ದಾರಿಯಲ್ಲಿ ನಾನು ಆರು ಸಲ ಹೋಗಿಬಂದೆ. ಆರೂ ಭಾನುವಾರ. ಪ್ರತಿ ಸಲದ ತಾರೀಖು, ಬಸ್ಸು ಹೊರಟ ಹೊತ್ತು, ಪೆನುಕೊಂಡದಲ್ಲಿ ಎಷ್ಟು ನಿಮಿಷ ನಿಂತಿತು, ಎಲ್ಲವೂ ನನ್ನ ಡೈರಿಯಲ್ಲಿದೆ.

ಆ ಮನೆಯಲ್ಲಿ ಎರಡು ಕೋಣೆ, ಏಳು ಜನ. ಕೆಟ್ಟವರು ಯಾರೂ ಇಲ್ಲ. ನನಗೆ ಬಡಿಸಿ, ಎದುರಿಗೇ ಕೂತು ಮಾತಾಡಿಸುವಂಥವರು. ಅಕ್ಕನ ಜೊತೆ ಮಾತಾಡಲು ಮಾತ್ರ ಜಾಗವಿರಲಿಲ್ಲ. ಅದಕ್ಕೇ ಅವಳು ಊರಿನ ಹೊಸ ಲೈಬ್ರರಿಯನ್ನು ಹಿಡಿದುಕೊಂಡಳು. ಗಾಜಿನ ಗೋಡೆ, ಎ.ಸಿ., ಲಿಫ್ಟು, ಮಕ್ಕಳಿಗೆ ಬಣ್ಣದ ಕುರ್ಚಿ. ನೆಂಟರು ಬಂದರೆ ಲೇಪಾಕ್ಷಿಯ ಬಸವಣ್ಣನನ್ನು ತೋರಿಸಿ, ವಾಪಸು ಬರುವಾಗ ಇದನ್ನೂ ತೋರಿಸುವುದು ಅವರ ಬೀದಿಯಲ್ಲಿ ರೂಢಿಯಾಗಿತ್ತು.

“ಅತ್ತೆ, ಇವಳಿಗೆ ಲೈಬ್ರರಿ ತೋರಿಸ್ಕಂಡು ಬತ್ತೀನಿ.”

ನಾಲ್ಕನೇ ಸಲ ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಕ್ಕರು. “ಹೋದ ತಿಂಗ್ಳೂ ತೋರಿಸ್ದ್ಯಲ್ಲಮ್ಮ. ಅಷ್ಟೊಂದು ಏನೈತೆ ಅಲ್ಲಿ ನೋಡಾಕೆ?”

“ಮೇಲಿನ ಫ್ಲೋರು ನೋಡಿಲ್ಲ ಕಣತ್ತೆ ಇವಳು.”

ಮೊದಲ ಸಲ ನಿಜವಾಗಿಯೂ ನೋಡಿದೆವು. ಲಿಫ್ಟಿನಲ್ಲಿ ಸುಮ್ಮನೆ ಮೂರು ಸಲ ಹತ್ತಿ ಇಳಿದೆವು. ಎರಡನೇ ಸಲ ಕಿಟಕಿಯ ಪಕ್ಕ ಕೂತ ಕೂಡಲೇ ಅಕ್ಕ “ಐದೇ ನಿಮಿಷ ಕಣಮ್ಮಿ” ಎಂದು ಮೇಜಿನ ಮೇಲೆ ತಲೆಯಿಟ್ಟಳು. ಮಗುವಿಗೆ ಹಲ್ಲು ಬರುತ್ತಿದ್ದ ದಿನಗಳು ಅವು. ಐದು ನಿಮಿಷ ಮೂವತ್ತೈದಾಯಿತು. ಮೂರನೇ ಸಲ ನಲವತ್ತೆರಡು. ಆಮೇಲೆ ಐವತ್ತು, ನಲವತ್ತೆಂಟು. ನಾನು ಎದುರು ಕೂತು ಅವಳ ಬೈತಲೆ ನೋಡುತ್ತ, ಹೇಳಬೇಕೆಂದು ತಂದಿದ್ದ ಮಾತುಗಳನ್ನು ಹಾಗೇ ವಾಪಸು ಒಯ್ಯುತ್ತಿದ್ದೆ.

ಒಮ್ಮೆ ಅಲ್ಲಿ ಕೆಲಸ ಮಾಡುವಾಕೆ ಬಂದು ಮೇಜು ತಟ್ಟಲು ಕೈ ಎತ್ತಿದರು. “ಇಕ್ಕಡ ನಿದ್ರ ಪೋಕೂಡದಮ್ಮಾ.” ಇಲ್ಲಿ ಮಲಗಬಾರದಂತೆ.

“ಚಿನ್ನ ಬಿಡ್ಡ ಉಂದಿ ಮೇಡಂ,” ಎಂದೆ. ಪುಟ್ಟ ಮಗುವಿದೆ ಎಂಬ ಆ ಒಂದು ಮಾತು ಸಾಕಾಯಿತು. ಆಕೆ ಹೋಗಿ ಪರೀಕ್ಷೆಗೆ ಓದುವವರ ದಪ್ಪ ಪುಸ್ತಕವೊಂದನ್ನು ತಂದು ಅಕ್ಕನ ತಲೆಯ ಮುಂದೆ ಬಿಡಿಸಿ ನಿಲ್ಲಿಸಿದರು. ಆಮೇಲೆ ಆ ಪುಸ್ತಕವನ್ನು ಪ್ರತಿ ಸಲ ನಾನೇ ತಂದಿಡುತ್ತಿದ್ದೆ.

ಆರನೇ ಸಲ ಹೋದಾಗ ನನ್ನ ಹತ್ತಿರ ದೊಡ್ಡ ಸುದ್ದಿ ಇತ್ತು. ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿತ್ತು, ಗುರುವಾರ ಹೊರಡಬೇಕು. ಅಮ್ಮ ಫೋನಿನಲ್ಲಿ ಹೇಳಲು ಹೊರಟಾಗ ನಾನೇ ತಡೆದಿದ್ದೆ. ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದ ಕಾಲದಿಂದ ನಮ್ಮಿಬ್ಬರದು ಒಂದು ಕರಾರು: ದೊಡ್ಡ ಸುದ್ದಿ ಏನಿದ್ದರೂ ಮುಖ ನೋಡಿಯೇ ಹೇಳಬೇಕು. ಬಸುರಿಯಾದಾಗ ಅಕ್ಕ ಬಸ್ಸು ಹತ್ತಿ ಬಂದು, ಅಮ್ಮನಿಗಿಂತ ಮೊದಲು ನನಗೆ ಹೇಳಿದ್ದಳು.

ಎರಡೂವರೆಗೆ ಕೂತೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು. ನನ್ನ ಬಸ್ಸು ನಾಲ್ಕಕ್ಕೆ. ಎರಡು ಸಲ ಅವಳ ಭುಜದವರೆಗೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡೆ. ಇನ್ನು ಹತ್ತು ನಿಮಿಷ, ಇನ್ನು ಹತ್ತು ನಿಮಿಷ ಎಂದು ಡೈರಿ ಬಿಡಿಸಿಟ್ಟುಕೊಂಡು ಕೂತೆ. ಐವತ್ತೈದನೇ ನಿಮಿಷಕ್ಕೆ ಅವಳೇ ಎದ್ದಳು. ಕೆನ್ನೆಯ ಮೇಲೆ ಬಳೆಯ ಅಚ್ಚು ಬಿದ್ದಿತ್ತು.

ನಾನು ಸುದ್ದಿ ಹೇಳಿದೆ. ಪಿಸುಮಾತಿನಲ್ಲಿ, ಒಂದೇ ಉಸಿರಿಗೆ.

ಅಕ್ಕ ಗಡಿಯಾರ ನೋಡಿದಳು. “ಇದನ್ನ ಇಟ್ಕಂಡು ನನ್ನ ಗೊರಕೆ ಕೇಳ್ತಾ ಕೂತಿದ್ಯೇನೇ? ಒಂದೇಟು ಹೊಡ್ದು ಎಬ್ಬಿಸಬಾರ್ದಾ, ತಿಕ್ಕಲು!” ಸುತ್ತಲಿನವರು ತಲೆ ಎತ್ತಿದರು. ಅವಳು ಡೈರಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ನಿದ್ದೆಯ ಲೆಕ್ಕ ಐದು ಸಾಲು, ಒಟ್ಟು ಮೂರು ಗಂಟೆ ಐವತ್ತು ನಿಮಿಷ.

“ಇಷ್ಟು ಮಲಗಿದ್ದೀನಾ?”

“ಹೂಂ.”

“ಮಾತಾಡಿದ್ದು ಎಷ್ಟು ಅಂತ ಬರ್ದೇ ಇಲ್ವಲ್ಲ.”

ಅವಳು ಎದ್ದು ನನ್ನನ್ನು ಹೊರಗಿನ ಮೆಟ್ಟಿಲಿಗೆ ಎಳೆದುಕೊಂಡು ಬಂದು ಅತ್ತೆಗೆ ಫೋನ್ ಮಾಡಿದಳು. “ಅತ್ತೆ, ಕಂಪ್ಯೂಟರ್ ರೂಮು ಇನ್ನೂ ನೋಡಿಲ್ಲ ಇವಳು. ಐದೂವರೆ ಬಸ್ಸಿಗೆ ಹೋಯ್ತಾಳೆ.”

“ನೋಡ್ಕಂಡೇ ಬರ್ಲಿ ಬಿಡಮ್ಮ. ಮಗು ಮಲಗೈತೆ,” ಎನ್ನುವುದು ನನಗೂ ಕೇಳಿಸಿತು.

ಬಿಸಿ ಮೆಟ್ಟಿಲ ಮೇಲೆ ಐದೂ ಕಾಲರವರೆಗೆ ಕೂತೆವು. “ಅಲ್ಲಿ ಚಳಿ ಐತಾ? ಕಂಬಳಿ ತಗಂಡು ಹೋಗು.” “ಸಮುದ್ರ ಕಣಕ್ಕ, ಬರೀ ಬೆವರು.” “ಆದ್ರೂ ತಗಂಡು ಹೋಗು.”

ಇಲ್ಲಿಗೆ ಬಂದು ಏಳು ವಾರ. ಕಂಬಳಿಯನ್ನು ಇನ್ನೂ ಹೊದ್ದಿಲ್ಲ. ಮಡಿಸಿ ತಲೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಹೋದ ಭಾನುವಾರ ಅಕ್ಕನ ಮೆಸೇಜು ಬಂತು: “ಒಬ್ಬಳೇ ಲೈಬ್ರರಿಗೆ ಹೋಗಿದ್ದೆ ಕಣಮ್ಮಿ. ಅದೇ ಮೇಜು. ಒಂದು ಗಂಟೆ ತಲೆಯಿಟ್ಟು ನೋಡಿದೆ. ನಿದ್ದೆ ಬರಲಿಲ್ಲ.”

ಡೈರಿಯಲ್ಲಿ ಅದೇ ಪುಟ ತೆಗೆದು ತಾರೀಖು ಹಾಕಿದೆ. ಏಳನೇ ಸಲ. ನಾನಿಲ್ಲ. ನಿದ್ದೆ ಸೊನ್ನೆ.