ರೈಟರಮ್ಮನ ಡ್ರಮ್ಮಿನ ದಾಸವಾಳ

ವನಗೂರಿನ ಎಸ್ಟೇಟಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿ. ಅವರ ಅಂಗಳದ ತುಂಬ ಅರ್ಧಕ್ಕೆ ಕೊಯ್ದ ದೊಡ್ಡ ಡ್ರಮ್ಮುಗಳು, ಅವುಗಳಲ್ಲೇ ಗಿಡಗಳು. ನೆಲದಲ್ಲಿ ಒಂದನ್ನೂ ನೆಟ್ಟವರಲ್ಲ.

"ನೆಲ ಎಸ್ಟೇಟಿಂದು ಕಣ್ರೀ, ಡ್ರಮ್ಮು ನಮ್ದು. ಹೋಗೋವಾಗ ಹೊತ್ಕೊಂಡು ಹೋಗ್ಬೋದು" ಅನ್ನೋರು. ಬೆಳಿಗ್ಗೆ ಒಂದೊಂದೇ ಡ್ರಮ್ಮನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ನೀರು ಹಾಕೋರು.

ಕೊನೆಗೆ ರೈಟರಿಗೆ ಬೆಳಗೋಡಿನ ತೋಟಕ್ಕೆ ಟ್ರಾನ್ಸ್‌ಫರ್ ಆಯಿತು. ಡ್ರಮ್ಮುಗಳೆಲ್ಲ ಪಿಕಪ್ ಹತ್ತಿದವು. ದಾಸವಾಳದ್ದು ಮಾತ್ರ ಎಷ್ಟು ಎಳೆದರೂ ಅಲುಗಲಿಲ್ಲ; ತಳದ ತೂತಿನಿಂದ ಬೇರು ಇಳಿದು ನೆಲ ಹಿಡಿದಿತ್ತು. ರೈಟರು ಕತ್ತಿ ತಂದರು. ಆಕೆ ಅಡ್ಡ ನಿಂತರು.

"ಕಡೀಬ್ಯಾಡ್ರೀ. ಟ್ರಾನ್ಸ್‌ಫರ್ ಆಗಿರೋದು ನಮ್ಗೆ, ಅದಕ್ಕಲ್ಲ."

ಆಮೇಲೆ ಡ್ರಮ್ಮನ್ನು ಒಮ್ಮೆ ಬಡಿದು, ಕಿವಿಗೊಟ್ಟು, ನನ್ನ ಕಡೆ ತಿರುಗಿದರು. "ನೀರು ಕೇಳ್ತಾ ಐತೆ. ನೋಡ್ಕಳ್ರೀ."