ನಷ್ಟಕ್ಕೆ ಸಿಹಿ ಹಂಚಿದ ಗೋಪಾಲಪ್ಪ ಮಾವ

ನಷ್ಟವಾಯಿತೆಂದು ಮೈಸೂರುಪಾಕು ಹಂಚುವ ಮನುಷ್ಯನನ್ನು ನನ್ನ ಜನ್ಮದಲ್ಲಿ ನಾನು ಕಂಡಿದ್ದು ಒಬ್ಬರನ್ನೇ. ಅವರು ನಮ್ಮಮ್ಮನ ಅಣ್ಣ, ಶಿಡ್ಲಘಟ್ಟದ ಗೋಪಾಲಪ್ಪ ಮಾವ. ಮಾರ್ಚ್ ಕೊನೆಯ ವಾರ ಬಂತೆಂದರೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದೆ ಅವರ ಸ್ಕೂಟರ್ ಬಂದು ನಿಲ್ಲುತ್ತಿತ್ತು. ಗರಿಗರಿ ಬಿಳಿ ಪಂಚೆ, ಕೈಯಲ್ಲಿ ಬಸ್‌ಸ್ಟ್ಯಾಂಡ್ ಬೇಕರಿಯ ತುಪ್ಪ ಜಿನುಗುವ ಪೊಟ್ಟಣ. ಚಪ್ಪಲಿ ಬಿಡುವ ಮೊದಲೇ ಕೂಗುತ್ತಿದ್ದರು: "ಬಾರಮ್ಮ, ಬಾಯಿ ಸಿಹಿ ಮಾಡ್ಕೋ. ಈ ಸಲ ಚೆನ್ನಾಗಿ ಮುಳುಗಿದೀನಿ!"

ಚಿಕ್ಕಬಳ್ಳಾಪುರದ ಅಂಚಿನಲ್ಲಿ, ಹೈವೇ ಪಕ್ಕ, ಮಾವನಿಗೆ ಪಿತ್ರಾರ್ಜಿತ ಜಮೀನಿತ್ತು. ಅದನ್ನು ಸೈಟುಗಳಾಗಿ ಮಾಡಿ ವರ್ಷಕ್ಕೊಂದರಂತೆ ಮಾರುತ್ತಿದ್ದರು. ಸೈಟು ಮಾರಿದ ಲಾಭಕ್ಕೆ ತೆರಿಗೆ ಕಟ್ಟಬೇಕು. ಅದೇ ವರ್ಷ ಬೆಲೆ ಬಿದ್ದ ಷೇರುಗಳನ್ನು ಮಾರಿದರೆ ಆ ನಷ್ಟವನ್ನು ಸೈಟಿನ ಲಾಭದಲ್ಲಿ ಕಳೆಯಬಹುದು, ತೆರಿಗೆ ಅಷ್ಟು ಕಡಿಮೆ. ಲೆಕ್ಕ ಇಷ್ಟೇ, ಕಾನೂನೂ ಒಪ್ಪುತ್ತದೆ. ಆಡಿಟರ್ ರಾಯರು ಇದನ್ನು ಯಾವ ಗಳಿಗೆಯಲ್ಲಿ ಮಾವನಿಗೆ ಹೇಳಿಕೊಟ್ಟರೋ, ಅವತ್ತಿನಿಂದ ಅವರಿಗೆ ಅದೊಂದು ವ್ರತವಾಯಿತು. ದೀಪಾವಳಿಗೆ ಮನೆಗೆ ಸುಣ್ಣ ಹೊಡೆಸದಿದ್ದರೂ ಮಾರ್ಚ್‌ನಲ್ಲಿ ನಷ್ಟ ಮಾಡಿಕೊಳ್ಳದೆ ಇರುತ್ತಿರಲಿಲ್ಲ.

ನಷ್ಟದ ಷೇರುಗಳಿಗೆ ಅವರಲ್ಲಿ ಬರವಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಷೇರಿನ ಹುಚ್ಚು ಶಿಡ್ಲಘಟ್ಟಕ್ಕೂ ಬಂತು. ಕ್ಷೌರದಂಗಡಿಯಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಎಲ್ಲ ಕಡೆ ಅದೇ ಮಾತು. ಮಾವ ರೇಷ್ಮೆ ನೂಲಿನ ವ್ಯಾಪಾರಿ. ಗೂಡಿನ ರಾಶಿಗೆ ಕೈ ಹಾಕಿ, ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಸತ್ತಿದೆಯೋ ಬದುಕಿದೆಯೋ ಹೇಳುತ್ತಿದ್ದ ಮನುಷ್ಯ. ಅಂಥವರು ಷೇರು ಕೊಳ್ಳುವಾಗ ಮಾತ್ರ ಬುದ್ಧಿಯನ್ನು ಗೂಡಿನ ತಟ್ಟೆಯಲ್ಲೇ ಬಿಟ್ಟು ಬರುತ್ತಿದ್ದರು. ಕಂಪನಿಯ ಹೆಸರಿನಲ್ಲಿ ದೇವರಿದ್ದರೆ ಸಾಕು, ಕೊಂಡರು. ಬೆಲೆಗಳೆಲ್ಲ ದೊಪ್ಪನೆ ಬಿದ್ದಾಗ ಊರಿನ ಉಳಿದ ಶೂರರು ಸರ್ಟಿಫಿಕೇಟುಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟರು. ಮಾವ ತಮ್ಮವನ್ನು ನಡುಮನೆಯ ಟೀಪಾಯಿ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು.

"ಮಾವ, ಹತ್ತು ಕಳ್ಕೊಂಡು ಮೂರು ಉಳಿಸಿದ್ರೆ ಏನು ಬಂತು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಿಂಗೆ ತಿಳಿಯಲ್ಲ ಕಣಮ್ಮ. ಆ ಹತ್ತು ಮಾರ್ಕೆಟ್ಟು ತಿಂತು. ತಿನ್ಲಿ, ಅದು ಆಟ. ಈ ಮೂರನ್ನ ನಾನಾಗೇ ಎತ್ಕೊಂಡೋಗಿ ಸರ್ಕಾರದೋರ ಕೈಗೆ ಇಡ್ಬೇಕಲ್ಲ, ಅದು ನನ್ನ ಕೈಲಾಗಲ್ಲ."

ನಾನು ಸರ್ಕಾರಿ ಶಾಲೆಯ ಟೀಚರ್. ನನ್ನ ತೆರಿಗೆಯನ್ನು ಸಂಬಳ ಕೈಗೆ ಬರುವ ಮೊದಲೇ ಕತ್ತರಿಸಿಬಿಡುತ್ತಾರೆ. ಇದಕ್ಕಾಗಿ ಮಾವ ನನ್ನನ್ನು ಕಾಯಿಲೆಯವಳನ್ನು ನೋಡುವ ಹಾಗೆ ನೋಡುತ್ತಿದ್ದರು. "ಪಾಪ, ಇವಳಿಗೆ ನಷ್ಟ ಮಾಡ್ಕೊಳೋ ಯೋಗಾನೂ ಇಲ್ಲ" ಎಂದು ನಮ್ಮಮ್ಮನ ಹತ್ತಿರ ನಿಜವಾಗಿಯೂ ಮರುಗಿದ್ದರು. ಎದುರು ಮಾತಾಡಿದರೆ ಸಿಟ್ಟು ಬಂದು ತೆಲುಗಿಗೆ ಇಳಿಯುತ್ತಿದ್ದರು: "ಊರುಕೋಮ್ಮಾ, ನೀಕೇಂ ತೆಲುಸು!" ಸುಮ್ಮನಿರಮ್ಮ, ನಿನಗೇನು ಗೊತ್ತು ಅಂತ. ಹಾಗಂತ ಜಿಪುಣ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರೇ, ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಸರ್ಕಾರ ಎಂದ ಕೂಡಲೇ ಅವರ ತಲೆ ಕೆಡುತ್ತಿತ್ತು, ಅಷ್ಟೇ.

ಮಾರುವುದರಲ್ಲೂ ಒಂದು ಕುತಂತ್ರವಿತ್ತು. ಬಿದ್ದ ಷೇರು ಮುಂದೆ ಏಳಬಹುದಲ್ಲ, ಬೇರೆಯವರ ಪಾಲಾಗಬಾರದು. ಅದಕ್ಕೆ ಗೌರಿಬಿದನೂರಿನಲ್ಲಿದ್ದ ಮುರಳಿಗೆ ಮಾರುತ್ತಿದ್ದರು. ಮುರಳಿ ನಮ್ಮ ಸುಶೀಲತ್ತೆಯ ತಮ್ಮ, ಅಂದರೆ ಮಾವನ ಭಾಮೈದ. ಮಾರ್ಚ್‌ನಲ್ಲಿ ಮಾವ ಟ್ರಾನ್ಸ್‌ಫರ್ ಫಾರಂಗೆ ಸಹಿ ಹಾಕಿ ಸರ್ಟಿಫಿಕೇಟುಗಳ ಜೊತೆ ಕೊಡುತ್ತಿದ್ದರು, ಮುರಳಿ ಚೆಕ್ ಕೊಡುತ್ತಿದ್ದ. ಫಾರಂ ಕಂಪನಿಗೆ ಕಳಿಸಿದರೆ ತಾನೇ ಹೆಸರು ಬದಲಾಗುವುದು? ಮುರಳಿ ಕಳಿಸುತ್ತಿರಲಿಲ್ಲ, ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಯುಗಾದಿಯ ಮಾರನೆ ದಿನ ಹೊಸತೊಡಕಿಗೆ ಎಲ್ಲರೂ ಅವನ ಮನೆಗೆ ಊಟಕ್ಕೆ ಹೋಗುವುದು ರೂಢಿ. ಮಟನ್ ಸಾರು, ಮುದ್ದೆ ಮುಗಿದ ಮೇಲೆ ಎಲೆ ಅಡಿಕೆ ತಟ್ಟೆಯಲ್ಲಿ ಆ ಕವರ್ ಇಟ್ಟು ಮಾವನಿಗೆ ವಾಪಸ್ಸು ಕೊಡುತ್ತಿದ್ದ, ಮಾವ ಅಷ್ಟೇ ಮೊತ್ತದ ಚೆಕ್ ಕೊಡುತ್ತಿದ್ದರು. ಯುಗಾದಿ ಮಾರ್ಚ್ ಒಳಗೇ, ತೆರಿಗೆಯ ಲೆಕ್ಕದ ವರ್ಷ ಮುಗಿಯುವ ಮೊದಲೇ, ಬಂದುಬಿಟ್ಟ ವರ್ಷ ಮಾವನಿಗೆ ಪಂಚಾಂಗ ಬರೆದವರ ಮೇಲೆಯೇ ಸಿಟ್ಟು. "ಬೇವು ಮಾರ್ಚ್‌ನಲ್ಲಿ, ಬೆಲ್ಲ ಏಪ್ರಿಲ್‌ನಲ್ಲಿ, ಹಂಗಿರ್ಬೇಕು" ಎನ್ನುತ್ತಿದ್ದರು. ಹೀಗೆ ಸರ್ಕಾರಕ್ಕೆ ಟೋಪಿ ಹಾಕಿದೆನೆಂದು ಮೀಸೆ ತಿರುವುವ ಮನುಷ್ಯನನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಆ ಕಾಗದಗಳ ರಾಶಿಯಲ್ಲಿ ಒಂದು ಕಟ್ಟನ್ನು ಮಾತ್ರ ಅತ್ತೆ ಮುಟ್ಟಲು ಬಿಡುತ್ತಿರಲಿಲ್ಲ. ಅದು ಪಂಪ್‌ಸೆಟ್ಟು ಮಾಡುವ ಒಂದು ಕಂಪನಿಯದು. ಷೇರಿನ ಹುಚ್ಚು ಏರಿದಾಗ ಮಾವ ಅತ್ತೆಯ ತವರಿನ ಬಂಗಾರದ ಸೊಂಟದ ಡಾಬನ್ನು ಮಾರಿಸಿದ್ದರು. ಅತ್ತೆ ಒಂದೇ ಷರತ್ತು ಹಾಕಿದ್ದರು: ಯಾವ ಕಂಪನಿ ಎಂದು ತಾನೇ ಹೇಳುತ್ತೇನೆ. "ನಮ್ಮಪ್ಪನ ಬಾವೀಲಿ ಅದೇ ಪಂಪು, ಒಂದಿನಾನೂ ಕೆಟ್ಟಿಲ್ಲ, ಅದನ್ನೇ ತಗೊಳ್ಳಿ" ಎಂದರು. ಮಾವ ಕೊಂಡರು, ತಮ್ಮ ಹೆಸರಿನಲ್ಲಿ. ಅತ್ತೆ ಆ ಕಾಗದಗಳಿಗೆ ಷೇರು ಎನ್ನುತ್ತಲೇ ಇರಲಿಲ್ಲ. ಶುಕ್ರವಾರ ಬೀರುವಿಗೆ ಕುಂಕುಮ ಹಚ್ಚುವಾಗ "ನನ್ನ ಡಾಬು" ಎಂದು ಮುಟ್ಟಿ ನೋಡುತ್ತಿದ್ದರು.

ಒಂದು ವರ್ಷ ಮಾವ ಮೂಲೆ ಸೈಟು ಮಾರಿದರು. ಒಳ್ಳೆ ಬೆಲೆ ಬಂತು, ತೆರಿಗೆಯೂ ಹಾಗೆಯೇ ಬರುವುದಿತ್ತು. ದೇವರ ಹೆಸರಿನ ಕಂಪನಿಗಳ ನಷ್ಟವೆಲ್ಲ ಸೇರಿದರೂ ಸಾಲಲಿಲ್ಲ. ಬೆಲೆ ಬಿದ್ದದ್ದು ಇನ್ನು ಆ ಪಂಪಿನ ಕಟ್ಟೊಂದೇ ಉಳಿದಿತ್ತು. ಆ ಮಾರ್ಚ್‌ನಲ್ಲಿ ನಾನು ಶಿಡ್ಲಘಟ್ಟದಲ್ಲೇ ಇದ್ದೆ. ಬೀರುವಿನ ಮುಂದೆ ಅತ್ತೆ ಅಡ್ಡ ನಿಂತಿದ್ದರು.

"ಅದೊಂದು ಬಿಡಿ. ನಿಮ್ಮ ದಮ್ಮಯ್ಯ ಅಂತೀನಿ, ಅದೊಂದು ಬಿಡಿ."

"ಎಲ್ಲಿಗೆ ಹೋಗುತ್ತೆ ಕಣೇ? ನಿನ್ನ ಒಡಹುಟ್ಟಿದವನ ಮನೇಲಿ ಒಂದೆರಡು ವಾರ ಇದ್ದು ಬರುತ್ತೆ. ನೀನು ತವರಿಗೆ ಹೋಗಿ ಬರಲ್ವಾ, ಹಂಗೆ."

"ಟ್ಯಾಕ್ಸ್ ಕಟ್ಟಿಬಿಡಿ ಮಾವ, ಸೈಟಿನ ದುಡ್ಡು ಬಂದಿದೆಯಲ್ಲ" ಎಂದೆ. ನಾನೇನೋ ಅಶುಭ ನುಡಿದಂತೆ ನೋಡಿದರು. ಕಟ್ಟು ಗೌರಿಬಿದನೂರಿಗೆ ಹೋಯಿತು. ನಮ್ಮ ಮನೆಗೆ ಮಾಮೂಲಿನಂತೆ ಮೈಸೂರುಪಾಕು ಬಂತು. ನಾನು ಅದನ್ನು ಮುಟ್ಟಲಿಲ್ಲ.

ಹೊಸತೊಡಕಿನ ಊಟವಾಯಿತು. ಮಾವ ಕೈ ತೊಳೆದು ಬಂದು ಚಾಪೆಯ ಮೇಲೆ ಕೂತು, "ಎಲ್ಲಪ್ಪಾ ಮುರಳಿ, ತಗೊಂಬಾ" ಎಂದರು. ಮುರಳಿ ತಟ್ಟೆ ತಂದ. ಅದರಲ್ಲಿ ಎಲೆ ಅಡಿಕೆ ಇತ್ತು, ಕವರ್ ಕೂಡ ಇತ್ತು. ಮಾವ ಬಿಚ್ಚಿ ನೋಡಿದರು. ದೇವರುಗಳೆಲ್ಲ ವಾಪಸ್ಸು ಬಂದಿದ್ದರು, ಪಂಪಿನ ಕಂಪನಿ ಇರಲಿಲ್ಲ.

"ಅದನ್ನ ಕಂಪನಿಗೆ ಕಳಿಸ್ದೆ ಭಾವ, ನನ್ನ ಹೆಸರಿಗೆ ಮಾಡ್ಕೊಡಿ ಅಂತ" ಎಂದ ಮುರಳಿ, ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ. ಆ ಎರಡು ವಾರದಲ್ಲಿ ಅದರ ಬೆಲೆ ಏಳತೊಡಗಿತ್ತು. ಪೇಪರ್ ಓದುವವರಿಗೆಲ್ಲ ಗೊತ್ತಿತ್ತು.

ಮಾವ ಕವರನ್ನು ತಲೆಕೆಳಗು ಮಾಡಿ ಕೊಡವಿದರು. ಅತ್ತೆ ಅಡುಗೆಮನೆಯಿಂದ ಬಂದರು. "ಮುರಳಿ, ಅದು ನನ್ನ ಡಾಬು ಕಣೋ."

"ಅಕ್ಕಾ, ಭಾವನೇ ಸೈನ್ ಹಾಕಿ ಮಾರಿದಾರೆ, ನಾನು ಚೆಕ್ ಕೊಟ್ಟು ತಗೊಂಡಿದೀನಿ. ಸುಮ್ನೆ ನಾಟಕದ ಮಾರಾಟ ಅಂತ ಭಾವ ಇನ್‌ಕಂ ಟ್ಯಾಕ್ಸ್‌ನೋರಿಗೆ ಬರ್ಕೊಡ್ಲಿ, ನಾಳೇನೇ ತಂದ್ಕೊಡ್ತೀನಿ."

ಅವನು ಕಳ್ಳನೇ, ಸಂಶಯವಿಲ್ಲ. ಆದರೆ ಭಾವನನ್ನು ಚೆನ್ನಾಗಿ ಓದಿಕೊಂಡಿದ್ದ ಕಳ್ಳ. ಅತ್ತೆ ಗಂಡನ ಕಡೆ ತಿರುಗಿದರು. "ಬರ್ಕೊಟ್ಬಿಡಿ. ಟ್ಯಾಕ್ಸು, ದಂಡ, ಏನಾಗುತ್ತೋ ಕಟ್ಟೋಣ. ನನ್ನ ಡಾಬು ತನ್ನಿ."

ಮಾವ ಒಂದು ಎಲೆ ಎತ್ತಿಕೊಂಡು ತೊಟ್ಟು ಮುರಿದರು. "ನಾನಾಗೇ ಹೋಗಿ ಕಟ್ಟೋದಾ?" ಎಂದರು. ಅಷ್ಟೇ. ಆಡಿಟರ್ ರಾಯರು ಹೇಳಿದರು, ನಮ್ಮಮ್ಮ ಅತ್ತು ಹೇಳಿದಳು. ಮಾವ ಬರೆದುಕೊಡಲಿಲ್ಲ. ಹೆಂಡತಿಯ ಡಾಬೋ ಸರ್ಕಾರದ ಪಾಲೋ ಎಂದು ತೂಗಿ ನೋಡಿ ಡಾಬನ್ನು ಬಿಟ್ಟ ಆ ಮನುಷ್ಯನ ಮೇಲೆ ಅವತ್ತು ನನಗೆ ಹುಟ್ಟಿದ ಅಸಹ್ಯ ಇವತ್ತಿಗೂ ಪೂರ್ತಿ ಹೋಗಿಲ್ಲ. ಮುರಳಿ ಆ ಷೇರುಗಳ ಮೇಲೆ ಗೌರಿಬಿದನೂರಿನಲ್ಲಿ ಮಹಡಿ ಎಬ್ಬಿಸಿದ.

ಅತ್ತೆ ಜಗಳವಾಡಲಿಲ್ಲ. ಮುಂದಿನ ಯುಗಾದಿಗೆ ಎಲ್ಲರಿಗೂ ಬೇವುಬೆಲ್ಲ ಹಂಚುತ್ತ ಬಂದು ಮಾವನ ಅಂಗೈಗೆ ಬರೀ ಬೇವು ಹಾಕಿದರು. ಬೆಲ್ಲದ ಚೂರೂ ಇಲ್ಲ. ಮಾವ ಒಮ್ಮೆ ಮುಖ ನೋಡಿ, ಬಾಯಿಗೆ ಹಾಕಿಕೊಂಡು ಅಗಿದರು. ಅಲ್ಲಿಂದ ಪ್ರತಿ ಯುಗಾದಿಗೂ ಅದೇ ಆಯಿತು.

ಮಾವ ಆಮೇಲೆ ಸೈಟು ಮಾರುವುದನ್ನು ನಿಲ್ಲಿಸಿದರು, ನಷ್ಟ ಮಾಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಕಳೆಯಲು ಲಾಭವಿಲ್ಲದ ವರ್ಷದ ನಷ್ಟವನ್ನು ಮುಂದಿನ ಕೆಲವು ವರ್ಷಗಳಿಗೆ ಎತ್ತಿಟ್ಟುಕೊಳ್ಳಬಹುದು ಎಂದು ರಾಯರು ಹೇಳಿದ್ದರಂತೆ. "ಉಪ್ಪಿನಕಾಯಿ ಇದ್ದಂಗೆ ಕಣಮ್ಮ, ಹಾಕಿಟ್ಟಿರ್ಬೇಕು. ಇನ್ನೂ ಎರಡು ಸೈಟಿವೆ. ನಿಮ್ಮತ್ತೆಗೆ ಆಗುತ್ತೆ" ಎನ್ನುತ್ತಿದ್ದರು. ನಿಮ್ಮತ್ತೆಗೆ ಎನ್ನುವಾಗ ಧ್ವನಿ ಸ್ವಲ್ಪ ತಗ್ಗುತ್ತಿತ್ತು.

ನಾನು ಅವರನ್ನು ಕಡೆಯದಾಗಿ ನೋಡಿದ್ದೂ ಯುಗಾದಿಯ ದಿನವೇ. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದರು. ಅತ್ತೆ ಬಲ ಅಂಗೈಗೆ ಬೇವು ಹಾಕಿ ಒಳಗೆ ಹೋದರು. ಮಾವ ಅಗಿದು, ನುಂಗಿ, ನನ್ನ ಕಡೆ ಬಾಗಿ ತೊದಲಿದರು: "ನೋಡಮ್ಮ, ಇದಕ್ಕೆ ಟ್ಯಾಕ್ಸಿಲ್ಲ." ಅವರ ಕಣ್ಣು ಬಾಗಿಲ ಕಡೆಗೇ ಇತ್ತು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಹೋದರು. ತಿಂಗಳಾದ ಮೇಲೆ ಅತ್ತೆ ಒಂದು ಸೈಟು ಮಾರಲು ಹೊರಟಾಗ ಆಡಿಟರ್ ರಾಯರು ಮನೆಗೇ ಬಂದರು. ಮಾವ ವರ್ಷಾನುಗಟ್ಟಲೆ ಕೂಡಿಟ್ಟ ನಷ್ಟವನ್ನು ಈ ಲಾಭದಲ್ಲಿ ಕಳೆಯಬಹುದಲ್ಲ ಎಂದು ನಾನೇ ಕೇಳಿದೆ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಲ್ಲಮ್ಮ. ಆ ನಷ್ಟ ಅವರದ್ದು, ಅವರ ಜೊತೆಗೇ ಹೋಯ್ತು. ಹೆಂಡ್ತಿಗೆ ಬರಲ್ಲ."

ಅತ್ತೆ ಕಾಫಿ ಲೋಟ ಅವರ ಮುಂದಿಟ್ಟು, ಖಾಲಿ ಸೊಂಟದ ಮೇಲೆ ಸೆರಗು ಸರಿಮಾಡಿಕೊಂಡರು.

"ಬರಲ್ವಾ ರಾಯರೇ? ಮತ್ತೆ ನಂಗೆ ಬಂದಿರೋದು ಯಾವ್ದು?"